ಕೊಳೆ ಬಂದದ್ದು ನನಗೂ ಕಾಣುತ್ತೆ ಮೇಷ್ಟ್ರೇ

ಜುಲೈ ತಿಂಗಳು, ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ. ನನ್ನ ನಾಲ್ವರು ವಿದ್ಯಾರ್ಥಿಗಳು ರೇನ್‌ಕೋಟ್ ಹಾಕಿಕೊಂಡು, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಕತ್ತೆತ್ತಿ ನಿಂತಿದ್ದರು. ಕೊನೆ, ಅಂದರೆ ಅಡಿಕೆಯ ಗೊಂಚಲು, ಇರುವುದು ಐವತ್ತು ಅಡಿ ಮೇಲೆ. ಕೆಳಗಿನಿಂದ ಫೋಟೋ ತೆಗೆದರೆ ಹಿಂದಿನ ಆಕಾಶ ಬೆಳ್ಳಗೆ, ಮುಂದಿನ ಕೊನೆ ಕಪ್ಪಗೆ. ಲೆನ್ಸಿನ ಮೇಲೆ ಒಂದು ಹನಿ ಬಿದ್ದರೆ ಅದೂ ಇಲ್ಲ.

ಅವರ ಕೈಯಲ್ಲಿದ್ದದ್ದು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ಫೋಟೋ ನೋಡಿ ಗುರುತಿಸುವ ಎಐ ಮಾಡೆಲ್. ಕಾಲೇಜಿನ ಲ್ಯಾಬಿನಲ್ಲಿ ಅದು ನೂರಕ್ಕೆ ತೊಂಬತ್ತರ ಮೇಲೆ ಸರಿ ಉತ್ತರ ಕೊಟ್ಟಿತ್ತು. ತೋಟದಲ್ಲಿ ಮೊದಲ ಫೋಟೋಗೆ 'ಆರೋಗ್ಯವಂತ' ಎಂದಿತು. ಎರಡನೆಯದಕ್ಕೆ 'ರೋಗ' ಎಂದಿತು. ಎರಡೂ ಒಂದೇ ಕೊನೆಯ ಫೋಟೋ.

ತೋಟದ ಯಜಮಾನರು ಛತ್ರಿ ಹಿಡಿದು ಸುಮ್ನೆ ನೋಡುತ್ತಿದ್ದರು. ಆಮೇಲೆ ಬಗ್ಗಿ ಕಾಲಡಿ ಬಿದ್ದಿದ್ದ ಒಂದು ಹಸಿರು ಕಾಯಿ ಎತ್ತಿಕೊಂಡರು. ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಕಲೆ. "ಕೊಳೆ ಬಂದದ್ದು ನನಗೂ ಕಾಣುತ್ತೆ ಮೇಷ್ಟ್ರೇ. ಕಾಯಿ ಉದುರಿದ ಮೇಲೆ ಅದನ್ನ ಹೇಳಕ್ಕೆ ಫೋನ್ ಯಾಕೆ? ಎರಡನೇ ಔಷಧಿ ಹೊಡೆಸಕ್ಕೆ ಯಾವತ್ತು ಮಳೆ ಬಿಡುತ್ತೆ ಅಂತ ಹೇಳಿ, ಸಾಕು."

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡಿದ್ದೇನೆ. ನನ್ನ ಸಂಶೋಧನೆಯ ಬಗ್ಗೆ ಇಷ್ಟು ಚುಟುಕಾದ, ಇಷ್ಟು ಸರಿಯಾದ ವಿಮರ್ಶೆಯನ್ನು ಯಾವ ಜರ್ನಲ್ಲಿನ ಪರಿಶೀಲಕರೂ ಬರೆದು ಕಳಿಸಿಲ್ಲ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಹುಡುಗರು ಉದುರಿದ ಕಾಯಿಗಳನ್ನು ಚೀಲದಲ್ಲಿ ತುಂಬಿ ತಂದಿದ್ದರು. ಲ್ಯಾಬಿನಲ್ಲಿ ಬಿಳಿ ಹಾಳೆ ಹಾಸಿ, ಟ್ಯೂಬ್‌ಲೈಟ್ ಕೆಳಗೆ ಒಂದೊಂದು ಕಾಯಿಗೂ ಹತ್ತು ಹತ್ತು ಫೋಟೋ ತೆಗೆದಿದ್ದರು. ಆಮೇಲೆ ಎಲ್ಲವನ್ನೂ ಕಲಸಿ, ಒಂದಷ್ಟನ್ನು ಕಲಿಸಲು, ಉಳಿದದ್ದನ್ನು ಪರೀಕ್ಷಿಸಲು ಇಟ್ಟರು. ಅಂದರೆ ಕಲಿಯುವಾಗ ನೋಡಿದ ಕಾಯಿಯೇ ಪರೀಕ್ಷೆಯಲ್ಲೂ ಬಂತು, ಸ್ವಲ್ಪ ಓರೆಯಾಗಿ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ನಡೆಸಿದರೆ ತೊಂಬತ್ತು ಬರದೇ ಇರುತ್ತಾ? ಇದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಗಿಡದ ರೋಗ ಗುರುತಿಸುವ ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ನೋಡಿ. ಬಹಳಷ್ಟರಲ್ಲಿ 'ಪ್ಲಾಂಟ್‌ವಿಲೇಜ್' ಎಂಬ ಚಿತ್ರಸಂಗ್ರಹವೇ ಇರುತ್ತದೆ. ಅಮೆರಿಕದಲ್ಲಿ ಶುರುವಾದದ್ದು, ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಐವತ್ತನಾಲ್ಕು ಸಾವಿರಕ್ಕೂ ಜಾಸ್ತಿ ಚಿತ್ರ, 14 ಬೆಳೆ. ಸೇಬು, ಬ್ಲೂಬೆರ್‍ರಿ, ಚೆರ್‍ರಿ, ಪೀಚ್, ಟೊಮೆಟೊ, ಆಲೂಗಡ್ಡೆ ಹೀಗೆ. ಅಡಿಕೆ ಇಲ್ಲ, ರಾಗಿ ಇಲ್ಲ, ತೊಗರಿ ಇಲ್ಲ, ಕಾಳುಮೆಣಸಿಲ್ಲ. ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದ ಫೋಟೋಗಳು. 2016ರಲ್ಲಿ ಇದರ ಮೇಲೆ ಬಂದ ಹೆಸರಾಂತ ಪ್ರಬಂಧದಲ್ಲಿ ಮಾಡೆಲ್ ಶೇ. 99.35 ಸರಿ ಉತ್ತರ ಕೊಟ್ಟಿತು. ಬೇರೆ ಕಡೆ, ಬೇರೆ ರೀತಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ. 31ರ ಆಸುಪಾಸಿಗೆ ಇಳಿಯಿತು. ಬರೆದವರು ಪ್ರಾಮಾಣಿಕರು, ಎರಡೂ ಅಂಕಿ ಕೊಟ್ಟಿದ್ದಾರೆ. ನಮ್ಮ ಹುಡುಗರ ವರದಿಗಳಿಗೆ ಮೊದಲನೆಯದು ಮಾತ್ರ ಬಂದು ಸೇರುತ್ತದೆ.

ಇನ್ನೂ ಒಂದು ತಮಾಷೆ ಇದೆ. 2022ರಲ್ಲಿ ಒಬ್ಬ ಸಂಶೋಧಕರು ಅದೇ ಸಂಗ್ರಹದ ಪ್ರತಿ ಚಿತ್ರದಿಂದ ಹಿನ್ನೆಲೆಯ ಬರೀ 8 ಚುಕ್ಕಿಗಳನ್ನು (ಪಿಕ್ಸೆಲ್) ತೆಗೆದುಕೊಂಡು ಕಂಪ್ಯೂಟರಿಗೆ ಕಲಿಸಿದರು. ಎಲೆಯನ್ನು ತೋರಿಸಲೇ ಇಲ್ಲ. ಆದರೂ ಅದು ಶೇ. 49ರಷ್ಟು ಸಲ ಬೆಳೆ ಯಾವುದು, ರೋಗ ಯಾವುದು ಎಂದು ಸರಿಯಾಗಿ ಹೇಳಿತು. ಕಣ್ಣುಮುಚ್ಚಿ ಹೇಳಿದರೆ ಸಿಗಬೇಕಾದದ್ದು ಶೇ. 3 ಕೂಡ ಅಲ್ಲ. ಅಂದರೆ ರೋಗದ ಜೊತೆಗೆ, ಯಾವತ್ತು ಯಾವ ಮೇಜಿನ ಮೇಲೆ ಫೋಟೋ ತೆಗೆದರು ಅನ್ನುವುದನ್ನೂ ಮಾಡೆಲ್ ಕಲಿತಿರುತ್ತದೆ.

ಮತ್ತೆ ತೋಟಕ್ಕೆ ಬರೋಣ. ಯಜಮಾನರ ಪ್ರಶ್ನೆ ಮೇಲ್ನೋಟಕ್ಕೆ ಹವಾಮಾನ ಇಲಾಖೆಯವರಿಗೆ ಕೇಳುವಂಥದ್ದು. ಹತ್ತಿರ ಹೋಗಿ ನೋಡಿದರೆ ಹಾಗಿಲ್ಲ.

ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಹದ ಸರಿಯಿದೆಯೋ ಇಲ್ಲವೋ ನೋಡಲು ಹೊಳೆಯುವ ಚಾಕು ಅದ್ದುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಕಾಯಿಗೆ ಅಂಟಿಕೊಳ್ಳಲಿ ಅಂತ ಕೆಲವರು ರಾಳ ಸೇರಿಸುತ್ತಾರೆ. ಮೊದಲ ಸಲ ಮುಂಗಾರು ಹಿಡಿಯುವ ಹೊತ್ತಿಗೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಆ ಎರಡನೇ ಸಲವೇ ತಲೆನೋವು. ಆಗ ಮಲೆನಾಡಿನಲ್ಲಿ ಮಳೆ ಬಿಡುವುದೇ ಇಲ್ಲ. ಹೊಡೆದದ್ದು ಕಾಯಿಯ ಮೇಲೆ ಒಣಗುವಷ್ಟು ಹೊತ್ತಾದರೂ ಹೊಳವು, ಅಂದರೆ ಮಳೆಯ ಬಿಡುವು, ಬೇಕು.

ನಮ್ಮಲ್ಲಿ ದಿನದ ಮಳೆಯ ಅಂಕಿಗೆ ಬರವಿಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಸುರಿದರೆ ಅದು 'ಮಳೆ ದಿನ'. ನನ್ನ ಹುಡುಗರು ಅದನ್ನೇ ಹಿಡಿದು ಮಳೆ ದಿನ, ಒಣ ದಿನ ಎಂದು ಗುರುತು ಹಾಕಲು ಹೊರಟಿದ್ದರು. ಯಜಮಾನರಿಗೆ ತೋರಿಸಿದೆವು. ಅವರು ನಕ್ಕರು. ಬೆಳಗ್ಗೆ ಹತ್ತು ಗಂಟೆಗೆ ಒಂದೇ ಒಂದು ಮಿಲಿಮೀಟರ್ ಜಿರಿಜಿರಿ ಹನಿದರೂ ಆವತ್ತಿನ ಔಷಧಿ ನೀರುಪಾಲು. ಮರವೂ ಜಾರುತ್ತದೆ, ಔಷಧಿ ಹೊಡೆಯಬೇಕಾದ ಕೊನೆಗಾರ ಮರ ಹತ್ತುವುದಿಲ್ಲ. ಅದೇ ರಾತ್ರಿ ಎರಡು ಇಂಚು ಹೊಯ್ದು ಬೆಳಗ್ಗೆ ಬಿಸಿಲು ಬಂದರೆ ಕೆಲಸ ನಡೆಯುತ್ತದೆ. ಇಲಾಖೆಯ ಲೆಕ್ಕದಲ್ಲಿ ಮೊದಲನೆಯದು ಒಣ ದಿನ, ಎರಡನೆಯದು ಮಳೆ ದಿನ. ತೋಟದ ಲೆಕ್ಕ ಪೂರ್ತಿ ಉಲ್ಟಾ.

ಸಂಶೋಧನೆಯನ್ನು ಪ್ರದೇಶಕ್ಕೆ ಹೊಂದಿಸುವುದು ಅಂದರೆ ನನ್ನ ಮಟ್ಟಿಗೆ ಇದೇ. ಕನ್ನಡದಲ್ಲಿ ಆ್ಯಪ್ ಮಾಡುವುದು, ರೈತನ ಚಿತ್ರ ಹಾಕಿದ ಪೋಸ್ಟರ್ ಅಂಟಿಸುವುದು ಆಮೇಲಿನ ಮಾತು. ಯಾವುದನ್ನು 'ಸರಿ' ಎಂದು ಕರೆಯಬೇಕು, ಯಾವುದನ್ನು 'ತಪ್ಪು' ಎಂದು ಅನ್ನುವ ಗೆರೆಯನ್ನು ಎಳೆಯುವವರು ಯಾರು? ಆ ಗೆರೆಯೇ ಮಾಡೆಲ್ಲಿನ ಜೀವ. ಅದನ್ನು ನಾವು ಕಾಲೇಜಿನಲ್ಲಿ ಕುಳಿತು ಎಳೆದರೆ ಮುಂದಿನ ಗಣಿತ ಎಷ್ಟೇ ಚೆನ್ನಾಗಿದ್ದರೂ ಉತ್ತರ ಇನ್ಯಾರದೋ ಪ್ರಶ್ನೆಗೆ.

ಇದೇನೂ ಹೊಸ ಮಾತಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕಾರ್ಯಕ್ರಮ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅಂತ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ. ಮೊದಲು ಮಾಡಿದ ಕೆಲಸಗಳಲ್ಲೊಂದು, ಹಳ್ಳಿಯ ಮನೆಗಳಲ್ಲಿ ಯಾವುದಕ್ಕೆ ಎಷ್ಟು ಇಂಧನ ಹೋಗುತ್ತದೆ ಅಂತ ಲೆಕ್ಕ ಹಾಕಿದ್ದು. ಜಾಸ್ತಿ ಪಾಲು ಸೌದೆ, ಅದೂ ಅಡುಗೆಗೆ ಅಂತ ಗೊತ್ತಾಯಿತು. ಸೌದೆ ಉಳಿಸುವ ಅಸ್ತ್ರ ಒಲೆಯ ಹೆಸರು ಈಗಲೂ ಹಳಬರ ನೆನಪಿನಲ್ಲಿದೆ.

ನನಗೆ ಜಾಸ್ತಿ ಇಷ್ಟವಾಗುವುದು ಪುರ ಎಂಬ ಹಳ್ಳಿಯ ಕಥೆ. ಅಲ್ಲಿ ಅಸ್ತ್ರದವರು ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಗ್ಯಾಸಿನಲ್ಲಿ ಅಡುಗೆಯಾಗಲಿ ಎಂಬುದು ವಿಜ್ಞಾನಿಗಳ ಆಸೆ. ಸಿಕ್ಕ ಗ್ಯಾಸು ಎಲ್ಲರ ಅಡುಗೆಗೆ ಸಾಲಲಿಲ್ಲ, ಯೋಜನೆ ಬಿದ್ದುಹೋಯಿತು. ಊರಿನವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರ ಹೊತ್ತಿಗೆ ಅದೇ ಗ್ಯಾಸಿನಿಂದ ಕರೆಂಟು ಮಾಡಿ, ಕೊಳವೆಬಾವಿಯ ನೀರನ್ನು ಮನೆಗಳ ಹತ್ತಿರ ತಂದರು, ದೀಪವನ್ನೂ ಕೊಟ್ಟರು. ಆಗ ನಡೆಯಿತು. ತಂದ ಸಗಣಿಗೆ ಲೆಕ್ಕ ಇಟ್ಟು ದುಡ್ಡು, ಗೊಬ್ಬರವಾದ ಬಗ್ಗಡ ವಾಪಸ್. ತಂತ್ರಜ್ಞಾನ ಎರಡೂ ಸಲ ಹೆಚ್ಚುಕಡಿಮೆ ಒಂದೇ, ಬದಲಾದದ್ದು ಪ್ರಶ್ನೆ.

ಬೋರ್ಡೋ ದ್ರಾವಣವೂ ಅಷ್ಟೆ. ಅದು ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದಾಗ ನಮ್ಮವರು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಆತ ಮಲೆನಾಡಿನಲ್ಲಿ ಕೊಳೆಯ ಬೆನ್ನು ಹತ್ತಿ, ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಬಗ್ಗೆ ಬರೆದರು. ದ್ರಾಕ್ಷಿಯ ಔಷಧಿ ಅಡಿಕೆಗೆ ಬಂತು. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಹೊಂದಿಸುವುದಕ್ಕೆ ಈಗ ನಾವು ಟ್ರಾನ್ಸ್‌ಫರ್ ಲರ್ನಿಂಗ್ ಅಂತ ದೊಡ್ಡ ಹೆಸರಿಟ್ಟಿದ್ದೇವೆ. ಕೋಲ್ಮನ್ ತೋಟಕ್ಕೆ ಹೋಗಿದ್ದರು, ಅಷ್ಟೇ ವ್ಯತ್ಯಾಸ.

ಹಾಗಾದರೆ ನಾವು ಯಾಕೆ ಹೋಗುವುದಿಲ್ಲ? ಸೋಮಾರಿತನ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಎರಡು ಮಳೆಗಾಲ ತೋಟ ಸುತ್ತಿ ಡೇಟಾ ಮಾಡಿದರೆ ಪ್ರಬಂಧ ಒಂದೂ ಬರದೇ ಇರಬಹುದು. ಇದ್ದ ಡೇಟಾ ಇಳಿಸಿಕೊಂಡು ಮಾಡೆಲ್ಲಿನ ಬಾಲ ತಿರುಚಿದರೆ ವರ್ಷಕ್ಕೆ ಮೂರು ಬರುತ್ತವೆ. ಬಡ್ತಿಗೆ ಎಣಿಸುವುದು ಅವನ್ನೇ. ಕಾಲೇಜುಗಳು ಜೀವ ಬಿಡುವ, ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಿ. ಎಂಜಿನಿಯರಿಂಗ್ ವಿಭಾಗದಲ್ಲಿ ನೂರಕ್ಕೆ 30 ಅಂಕ ಸಂಶೋಧನೆಗೆ. 'ಔಟ್‌ರೀಚ್' ಎಂಬ ಹೆಸರಿನಲ್ಲಿ 10 ಅಂಕ ಇದೆ, ಹೆಸರು ಕೇಳಿದರೆ ಊರಿನ ಕೆಲಸಕ್ಕೆ ಕೊಡುತ್ತಾರೆ ಅನ್ನಿಸುತ್ತೆ ಅಲ್ವಾ? ಅದರಲ್ಲಿ ದೊಡ್ಡ ಪಾಲು ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳು ಎಷ್ಟಿದ್ದಾರೆ, ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂಬುದಕ್ಕೆ ಹೋಗುತ್ತದೆ. ಅವೂ ಬೇಕಾದವೇ. ಆದರೆ ಪಕ್ಕದ ತಾಲ್ಲೂಕಿನ ತೋಟದಲ್ಲಿ ಎರಡು ವರ್ಷ ನೆಂದದ್ದಕ್ಕೆ ಅಲ್ಲಿ ಜಾಗವಿಲ್ಲ.

ದುಡ್ಡಿಲ್ಲ ಎಂಬ ನೆಪ ಈಗ ಅಷ್ಟಾಗಿ ನಡೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಡಿಯಾ ಎಐ ಮಿಷನ್‌ಗೆ ಹತ್ತು ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಒಪ್ಪಿಗೆ ಕೊಟ್ಟಿದೆ. ಎಐಗೆ ಬೇಕಾದ ಲೆಕ್ಕ ಮಾಡುವ ಚಿಪ್ಪು, ಅಂದರೆ ಜಿಪಿಯು, ಕಡಿಮೆ ದರಕ್ಕೆ ಸಿಗುತ್ತಿದೆ. ನಮ್ಮ ರಾಜ್ಯದಲ್ಲೇ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಾ ಬಂದಿದೆ. ಯಂತ್ರ ಬಾಡಿಗೆಗೆ ಸಿಗುತ್ತದೆ. ಜುಲೈ ತಿಂಗಳ ತೋಟ ಸಿಗುವುದಿಲ್ಲ. ಸೆಮಿಸ್ಟರಿನ ವೇಳಾಪಟ್ಟಿಗೂ ಕೊಳೆಯ ವೇಳಾಪಟ್ಟಿಗೂ ತಾಳೆಯೇ ಇಲ್ಲ. ಮಳೆ ಜೋರಾಗಿರುವಾಗ ನಮ್ಮ ಹುಡುಗರು ಇಂಟರ್ನಲ್ಸ್ ಬರೆಯುತ್ತಿರುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ ಇನ್ನೊಂದು ಪಾಠ ಕಲಿತೆವು. ಬೆಳೆಗಾರರು ಬರೆಯುವುದಿಲ್ಲ, ಮಾತಾಡುತ್ತಾರೆ ಅಂತ ಧ್ವನಿಯನ್ನು ಅಕ್ಷರ ಮಾಡುವ ಒಂದು ಸಾಫ್ಟ್‌ವೇರ್ ಜೋಡಿಸಿದೆವು. ಟಿವಿ ವಾರ್ತೆಯ ಕನ್ನಡವನ್ನು ಅದು ಚೆನ್ನಾಗಿಯೇ ಬರೆಯುತ್ತಿತ್ತು. ಸಾಗರದ ಕಡೆಯ ಹವ್ಯಕರೊಬ್ಬರು "ಕೊಳೆ ಬಂಜು" ಅಂದರು. ಬಂದಿದೆ ಅಂತ ಅರ್ಥ. ಪರದೆಯ ಮೇಲೆ "ಕೊಳೆ ಮಂಜು" ಎಂದು ಬಂತು. ಅವರ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಈ ಕಷ್ಟ ಗೊತ್ತಿರುವವರು ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆ ಭಾಷೆಯ ಪಟ್ಟಿ ಹಿಡಿದು ಹೊರಡದೆ ಜಿಲ್ಲೆಯ ಪಟ್ಟಿ ಹಿಡಿದು ಮಾತು ಸಂಗ್ರಹಿಸುತ್ತಿದೆ. ಜಿಲ್ಲೆಗೆ ಹೋದರೆ ಅಲ್ಲಿನವರು ಯಾವ ಕನ್ನಡ, ಯಾವ ತುಳು, ಯಾವ ಉರ್ದು ಆಡುತ್ತಾರೋ ಅದು ತಾನಾಗಿ ಬರುತ್ತದೆ. ಒಳ್ಳೆಯ ಯೋಚನೆ ಅದು. ಆದರೂ ಮೈಲುತುತ್ತ, ಕೊನೆಗಾರ, ಹೊಳವು ಇಂಥ ಮಾತುಗಳನ್ನು ತೋಟದಲ್ಲೇ ಕೇಳಿ ಬರೆದುಕೊಳ್ಳುವ ಕೆಲಸ ಹತ್ತಿರದ ಕಾಲೇಜಿನವರದೇ.

ಮಂಗನ ಕಾಯಿಲೆಯನ್ನೂ ಇಲ್ಲಿ ನೆನೆಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡದ್ದು. ಪಶ್ಚಿಮಘಟ್ಟದ ಸುತ್ತ ಬಿಟ್ಟರೆ ಬೇರೆಡೆ ಇದು ಯಾರಿಗೂ ದಿನದ ಚಿಂತೆಯಲ್ಲ. ಇದರ ಅಪಾಯ ಎಲ್ಲಿ ಜಾಸ್ತಿ ಎಂದು ನಕ್ಷೆ ಮಾಡಿದ ಒಂದು ತಂಡ, ಆರೋಗ್ಯ ಇಲಾಖೆ ಮತ್ತು ಪಶುವೈದ್ಯರ ಜೊತೆ ಕೂತು ಯಾವ ಮಾಹಿತಿ ಬೇಕು ಎಂದು ನಿರ್ಧರಿಸಿತು. 2020ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಕಾಡು, ತೋಟ ಬೆರೆತ ಜಾಗ ಮತ್ತು ಮೇಯುವ ದನ ಎರಡೂ ಲೆಕ್ಕಕ್ಕೆ ಬಂದಿವೆ. ಕಾಡಂಚಿನಲ್ಲಿ ಬದುಕುವವರನ್ನು ಕೇಳಿದ್ದರೆ ಇದನ್ನೇ ಹೇಳುತ್ತಿದ್ದರು.

ಈಗ ನಾನು ಏಳನೇ ಸೆಮಿಸ್ಟರಿನ ಹುಡುಗರಿಗೆ ಮೊದಲ ತಿಂಗಳು ಲ್ಯಾಪ್‌ಟಾಪ್ ತೆರೆಯಲು ಬಿಡುವುದಿಲ್ಲ. ಒಂದು ನೋಟ್‌ಬುಕ್ ಕೊಡುತ್ತೇನೆ. ಯಾವ ತೋಟ, ಯಾವ ದಿನ ಔಷಧಿ ಹೊಡೆಸಬೇಕಿತ್ತು, ಯಾವ ದಿನ ಹೊಡೆಸಿದರು, ತಡವಾಗಿದ್ದರೆ ಯಾಕೆ. ಇಷ್ಟೇ ಕಾಲಂ. ಹೋದ ಬ್ಯಾಚಿನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಪುಸ್ತಕ ತಿರುಗಿಸಿ, "ಇದರಲ್ಲಿ ಎಐ ಎಲ್ಲಿದೆ?" ಅಂದರು. ಹುಡುಗರು ನನ್ನ ಮುಖ ನೋಡಿದರು. ನ್ಯಾಯವಾದ ಪ್ರಶ್ನೆಯೇ. ಅವರಿಗೆ ಅಂಕ ಸ್ವಲ್ಪ ಕಡಿಮೆಯೇ ಬಂತು, ಅದರ ಹೊಣೆ ನನ್ನದು.

ಪುಸ್ತಕದ ಕೊನೆಯ ಕಾಲಮಿನಲ್ಲಿ 'ಮಳೆ' ಎಂಬುದೇ ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ಅದಕ್ಕಿಂತ ಜಾಸ್ತಿ ಸಲ ಬರೆದದ್ದು 'ಕೊನೆಗಾರ ಸಿಗಲಿಲ್ಲ'. ಹೊಳವು ಬಂದ ದಿನ ಎಲ್ಲ ತೋಟದವರೂ ಒಬ್ಬನನ್ನೇ ಕರೆಯುತ್ತಾರೆ. ಹಾಗಾಗಿ ಈ ಸಲ ಪ್ರಶ್ನೆ ಮತ್ತೆ ಬದಲಾಗಿದೆ. ಎರಡು ದಿನ ಮುಂಚೆ ಹೊಳವಿನ ಸೂಚನೆ ಸಿಕ್ಕರೆ, ಯಾವ ತೋಟದಿಂದ ಯಾವ ತೋಟಕ್ಕೆ ಹೋದರೆ ಒಬ್ಬ ಕೊನೆಗಾರ ಜಾಸ್ತಿ ಮರ ಮುಗಿಸಬಹುದು? ಇದಕ್ಕೆ ಸಂಜೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ತಿಳಿಸುವ ಒಂದು ಏರ್ಪಾಡು ಮಾಡುತ್ತಿದ್ದೇವೆ, ಯಾಕೆಂದರೆ ಅವರಲ್ಲಿ ಇರುವುದು ಬಟನ್ ಫೋನು. ಒಬ್ಬ ಕೊನೆಗಾರರನ್ನು ಕೇಳಿದೆವು. ಆಗಬಹುದು ಅಂದರು. "ಆದ್ರೆ ಎಂಟು ಗಂಟೆ ಮೇಲೆ ಮಾಡಬೇಡಿ ಸಾರ್, ಇಡೀ ದಿನ ಮರ ಹತ್ತಿರ್ತೀನಿ, ಎತ್ತಲ್ಲ." ಹುಡುಗಿಯೊಬ್ಬಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.