ಪಕ್ಕದ ಮೂಲೆ, ಎದುರು ಮೂಲೆ

ರಕ್ತದೊತ್ತಡಕ್ಕೆ ಕೊಡುವ ಲೋಸಾರ್ಟಾನ್ ಅಣುವಿನಲ್ಲಿ ಎರಡು ಬೆಂಜೀನ್ ಉಂಗುರಗಳು ಒಂದಕ್ಕೊಂದು ನೇರವಾಗಿ ಅಂಟಿಕೊಂಡಿವೆ. ಅವನ್ನು ಬೆಸೆಯಲು ಔಷಧ ತಯಾರಕರು ಹಿಡಿದ ಒಂದು ದಾರಿ ಸುಜುಕಿ ಜೋಡಣೆ. ಅಲ್ಲಿ ಬೆಸೆಯುವ ಲೋಹ ಪಲ್ಲಾಡಿಯಂ. ಇಂಥ ಜೋಡಣೆಗಳಿಗಾಗಿ ರಿಚರ್ಡ್ ಹೆಕ್, ಎಯಿಚಿ ನೆಗಿಶಿ ಮತ್ತು ಅಕಿರಾ ಸುಜುಕಿ 2010ರಲ್ಲಿ ನೊಬೆಲ್ ಪಡೆದರು. ಆದರೆ ಈ ಲೋಹಕ್ಕೆ ಅಷ್ಟು ಚೆನ್ನಾಗಿ ಬೆಸೆಯಲು ಬರುವುದೇಕೆ? ಉತ್ತರದ ದೊಡ್ಡ ಪಾಲು ಅದರ ಸುತ್ತಲಿನ ಕೋನಗಳಲ್ಲಿದೆ.

ಎರಡು ಎಲೆಕ್ಟ್ರಾನ್ ಕಳೆದುಕೊಂಡ ಪಲ್ಲಾಡಿಯಂನಲ್ಲಿ ಬಂಧಕ್ಕೆ ಒದಗುವ ಹೊರಗಿನ ಎಂಟು ಡಿ-ಎಲೆಕ್ಟ್ರಾನ್‌ಗಳು ಉಳಿಯುತ್ತವೆ. ಅವು ಜೋಡಿಜೋಡಿಯಾಗಿ ನಾಲ್ಕು ಕಕ್ಷಕಗಳನ್ನು (ಎಲೆಕ್ಟ್ರಾನ್‌ಗಳು ನೆಲೆಸುವ ಜಾಗಗಳನ್ನು) ತುಂಬುತ್ತವೆ, ಐದನೆಯದು ಖಾಲಿ. ಹೊರಗಿನಿಂದ ಬಂದು ಲೋಹಕ್ಕೆ ಅಂಟುವ ಅಣು-ಅಯಾನುಗಳು, ಅಂದರೆ ಲಿಗಂಡ್‌ಗಳು, ಆ ಖಾಲಿ ಕಕ್ಷಕದ ನಾಲ್ಕು ದಿಕ್ಕುಗಳಲ್ಲೇ ನೆಲೆ ನಿಲ್ಲುತ್ತವೆ. ಕೇರಂ ಬೋರ್ಡಿನ ನಡುವೆ ಲೋಹ, ನಾಲ್ಕು ಮೂಲೆಗಳಲ್ಲಿ ಲಿಗಂಡ್‌ಗಳು: ಚಪ್ಪಟೆ ಚೌಕ, 90 ಡಿಗ್ರಿ ಕೋನಗಳು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ನಿಕಲ್‌ಗೂ ಎಂಟೇ ಡಿ-ಎಲೆಕ್ಟ್ರಾನ್, ಆದರೂ ನಾಲ್ಕು ಕ್ಲೋರೈಡ್ ಸೇರಿದರೆ ಅದು ಚಪ್ಪಟೆಯಾಗದೆ ಚತುರ್ಮುಖಿಯಾಗುತ್ತದೆ (ನಾಲ್ಕು ತ್ರಿಕೋನ ಮುಖಗಳ ಪಿರಮಿಡ್). ಪಲ್ಲಾಡಿಯಂನ ಕಕ್ಷಕಗಳು ಹೆಚ್ಚು ದೂರ ಚಾಚಿರುವುದರಿಂದ ಲಿಗಂಡ್‌ಗಳ ಪ್ರಭಾವ ಬಲವಾಗಿ ತಟ್ಟುತ್ತದೆ. ಅದೇ ಕ್ಲೋರೈಡ್‌ಗಳ ಜೊತೆಗೂ ಅದು ಚಪ್ಪಟೆಯಾಗಿಯೇ ಉಳಿಯುತ್ತದೆ.

ಚೌಕವೆಂದ ಮೇಲೆ ಲೋಹ ಬೆಸೆಯಬೇಕಾದ ಎರಡು ಗುಂಪುಗಳು ಪಕ್ಕದ ಮೂಲೆಗಳಲ್ಲಿ ಇರಬಹುದು, ಎದುರು ಮೂಲೆಗಳಲ್ಲೂ ಇರಬಹುದು. ಮೊದಲನೆಯದು ಸಿಸ್, ಎರಡನೆಯದು ಟ್ರಾನ್ಸ್. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು 1980ರಲ್ಲಿ ಅಮೆರಿಕದ ಜಾನ್ ಸ್ಟಿಲೆ ತಂಡ ತೋರಿಸಿಕೊಟ್ಟಿತು. ನನಗೆ ತುಂಬ ಇಷ್ಟವಾದ ಪ್ರಯೋಗವಿದು. ಎರಡು ಮೀಥೈಲ್ ಗುಂಪುಗಳು (ಒಂದು ಇಂಗಾಲ, ಮೂರು ಹೈಡ್ರೋಜನ್) ಪಕ್ಕಪಕ್ಕದಲ್ಲಿದ್ದ ಪಲ್ಲಾಡಿಯಂ ಸಂಕೀರ್ಣವನ್ನು ಬಿಸಿ ಮಾಡಿದರೆ ಅವು ಕೂಡಿ ಈಥೇನ್ ಆದವು. ಬಳಿಕ ತಂಡ ಒಂದು ಬಿಗಿಯಾದ ಲಿಗಂಡ್ ಬಳಸಿ, ಮೀಥೈಲ್‌ಗಳು ಎದುರುಬದುರೇ ಉಳಿಯುವಂತೆ ಕಟ್ಟಿಹಾಕಿತು. 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಈಥೇನ್ ಹುಟ್ಟಲಿಲ್ಲ! ಎರಡು ಇಂಗಾಲಗಳ ಎಲೆಕ್ಟ್ರಾನ್ ಮೋಡಗಳು ಪರಸ್ಪರ ತಾಗದೆ ಬಂಧವಿಲ್ಲ; ನಡುವೆ ಲೋಹವಿದ್ದರೆ ತಾಗುವುದು ಹೇಗೆ?

ಅದೇ ಎದುರುಬದುರಿನ ಸಂಕೀರ್ಣಕ್ಕೆ ಡ್ಯೂಟೀರಿಯಂ (ಗುರುತು ಹಿಡಿಯಬಹುದಾದ ಭಾರದ ಹೈಡ್ರೋಜನ್) ಇರುವ ಮೀಥೈಲ್ ಅಯೋಡೈಡ್ ಸೇರಿಸಿದಾಗ ಈಥೇನ್ ಬಂತು. ಅದರ ಒಂದು ಇಂಗಾಲ ಹಳೆಯದು, ಇನ್ನೊಂದು ಡ್ಯೂಟೀರಿಯಂ ಹೊತ್ತ ಹೊಸದು. ಹೊಸ ಮೀಥೈಲ್ ಲೋಹವನ್ನು ಸೇರಿದಾಗ ಹಳೆಯದರ ಪಕ್ಕದಲ್ಲೇ ಜಾಗ ಸಿಕ್ಕಿತೆಂಬುದು ಅದಕ್ಕೆ ಕೊಟ್ಟ ವಿವರಣೆ.

ಹಾಗಾದರೆ ಪಕ್ಕದವರನ್ನು ಇನ್ನಷ್ಟು ಹತ್ತಿರ ತಳ್ಳಬಹುದೇ? ಎರಡು ರಂಜಕ ಪರಮಾಣುಗಳಿಂದ ಲೋಹವನ್ನು ಕಚ್ಚಿ ಹಿಡಿಯುವ ಲಿಗಂಡ್‌ಗಳಿಂದ ಇದು ಸಾಧ್ಯ. ರಂಜಕಗಳ ನಡುವೆ ಎರಡು ಇಂಗಾಲಗಳ ಗಿಡ್ಡ ಕೊಂಡಿ ಇದ್ದರೆ ಅವುಗಳ ಕೋನ ಸುಮಾರು 86 ಡಿಗ್ರಿ, ಎದುರಿನ ಎರಡು ಕ್ಲೋರೈಡ್‌ಗಳ ಕೋನ ಸುಮಾರು 94. ಕೊಂಡಿಯ ಜಾಗದಲ್ಲಿ ಅಗಲವಾದ ಫೆರೊಸೀನ್ (ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣವಿರುವ ಅಣು) ಇಟ್ಟರೆ ರಂಜಕಗಳ ಕೋನ 99ರ ಆಸುಪಾಸಿಗೆ ಹಿಗ್ಗುತ್ತದೆ, ಎದುರಿನ ಕೋನ 88ರ ಹತ್ತಿರಕ್ಕೆ ಕುಗ್ಗುತ್ತದೆ.

1984ರಲ್ಲಿ ಜಪಾನಿನ ತಮಿಯೊ ಹಯಾಶಿ ಮತ್ತು ಸಂಗಡಿಗರು ಈ ಫೆರೊಸೀನ್ ಲಿಗಂಡನ್ನು ಕಷ್ಟದ ಕೆಲಸಕ್ಕೇ ಹಚ್ಚಿದರು. ಸೆಕೆಂಡರಿ ಬ್ಯುಟೈಲ್ ಎಂಬ ನಾಲ್ಕು ಇಂಗಾಲಗಳ ಗುಂಪನ್ನು ಬೆಂಜೀನ್ ಉಂಗುರಕ್ಕೆ ಬೆಸೆಯುವುದು ಆ ಕೆಲಸ. ಈ ಗುಂಪು ಲೋಹದ ಮೇಲೆ ಹೆಚ್ಚು ಹೊತ್ತು ಕೂತರೆ ಹೈಡ್ರೋಜನ್ ಬಿಟ್ಟುಕೊಟ್ಟು ಬ್ಯುಟೀನ್ ಆಗಿ ಕಳಚಿಕೊಳ್ಳುತ್ತದೆ. ಗಿಡ್ಡ ಕೊಂಡಿಯ ಲಿಗಂಡ್ ಇಲ್ಲಿ ಸೋತಿತು. ಫೆರೊಸೀನ್ ಲಿಗಂಡ್ ಇದ್ದಲ್ಲಿ ಮಾತ್ರ ಬ್ಯುಟೈಲ್ ಮತ್ತು ಬೆಂಜೀನ್ ಉಂಗುರ ಬೇಗ ಕೂಡಿ, ನಿರೀಕ್ಷಿಸಿದ ಉತ್ಪನ್ನವೇ ಬಹುಪಾಲು ಕೈಸೇರಿತು.