ಮಲ್ಪೆಯ ಫೋಟೊದಲ್ಲಿ ಕಳೆದುಹೋದ ದೂರ

ನಮ್ಮ ಮನೆಯಲ್ಲಿ ಮಲ್ಪೆ ಕಡಲತೀರದ ಒಂದು ಹಳೆಯ ಕಪ್ಪುಬಿಳುಪು ಫೋಟೊ ಇದೆ. ಎದುರಿಗೆ ಅಜ್ಜ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಹೆಗಲ ಮೇಲೆ ಬಲೆ. ಹಿಂದೆ ಹೊಯಿಗೆ (ಮರಳು) ಮೇಲೆ ಎಳೆದಿಟ್ಟ ದೋಣಿಗಳು. ಮನೆಯವರಿಗಾಗಿ ಮಾಡಿದ ಕಿರುಚಿತ್ರದಲ್ಲಿ ಇದನ್ನು ತೋರಿಸಬೇಕಿತ್ತು. ಮೊದಲು ಅಜ್ಜನ ಮುಖ ಸ್ಪಷ್ಟವಾಗಿರಬೇಕು, ಆಮೇಲೆ ಅದು ಮಸುಕಾಗಿ ದೋಣಿಗಳು ಕಾಣಬೇಕು. ಸಿನಿಮಾದಲ್ಲಿ ನೋಡುತ್ತೇವಲ್ಲ, ಹಾಗೆ.

ಫೋಟೊದ ಮುಂದೆ ಕ್ಯಾಮೆರಾ ಇಟ್ಟು ಫೋಕಸ್ ರಿಂಗ್ ತಿರುಗಿಸಿದರೆ ಇದು ಆಗುವುದಿಲ್ಲ. ಲೆನ್ಸ್ ಒಂದು ಸಲಕ್ಕೆ ಒಂದೇ ದೂರವನ್ನು ಸರಿಯಾಗಿ ಹಿಡಿಯುತ್ತದೆ. ಅದಕ್ಕಿಂತ ಹಿಂದೆ ಮುಂದೆ ಇರುವ ಪ್ರತಿ ಚುಕ್ಕಿಯೂ ಹರಡಿ ಸಣ್ಣ ಬಿಲ್ಲೆಯಾಗುತ್ತದೆ. ಮಸುಕು ಅಂದರೆ ಇಂಥ ಬಿಲ್ಲೆಗಳ ರಾಶಿ. ಆದರೆ ಫೋಟೊ ಚಪ್ಪಟೆ ಕಾಗದ. ಅಜ್ಜನೂ ದೋಣಿಯೂ ಲೆನ್ಸಿಗೆ ಒಂದೇ ದೂರ. ಮಸುಕಾದರೆ ಎಲ್ಲ ಒಟ್ಟಿಗೇ.

ಹಾಗಾಗಿ ಆ ದೂರವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಬೇಕು. ಅಜ್ಜನನ್ನು ಅಂಚು ಹಿಡಿದು ಕತ್ತರಿಸಿ ಬೇರೆ ಲೇಯರ್, ಅಂದರೆ ಬೇರೆ ಪದರ ಮಾಡಿದೆ. ಸುಮ್ನೆ ಹಿಂದಿನ ಭಾಗ ಬ್ಲರ್ ಮಾಡಿದರೆ ಅಜ್ಜನ ಮೈಯ ಕಪ್ಪು ಹೊರಗೆ ಸೋರಿ ಸುತ್ತಲೂ ಹೊಗೆಯಂಥ ಅಂಚು ಬರುತ್ತದೆ. ಅದಕ್ಕೇ ಅವರ ಬೆನ್ನಹಿಂದಿನ ಖಾಲಿ ಜಾಗಕ್ಕೆ ಪಕ್ಕದ ಹೊಯಿಗೆ, ದೋಣಿಯ ತುಂಡು ತಂದು ತುಂಬಿಸಿ, ಆಮೇಲೆ ಬ್ಲರ್. ಜಾಸ್ತಿ ಹೊತ್ತು ತಿಂದದ್ದು ಬಲೆ. ಅದರ ಒಂದೊಂದು ಕಣ್ಣಿನಲ್ಲೂ ಹಿಂದಿನ ಕಡಲು ಇಣುಕುತ್ತದೆ ಅಲ್ವಾ? ದೂರವನ್ನು ತಾನೇ ಊಹಿಸುವ ಸಾಫ್ಟ್‌ವೇರ್‌ಗಳು ಈಗ ಇವೆ. ಹತ್ತಿರದ್ದು ಬಿಳಿ, ದೂರದ್ದು ಕಪ್ಪು ಎಂದು ಒಂದು ನಕ್ಷೆ ಕೊಡುತ್ತವೆ. ಹೊಯಿಗೆ ಹಿಂದೆ ಹಿಂದೆ ಹೋದಂತೆ ನಿಧಾನವಾಗಿ ಮಸುಕಾಗಲು ಅದು ಚೆನ್ನಾಗಿ ಒದಗಿತು. ಬಲೆಯನ್ನು ಮಾತ್ರ ಕೈಯಲ್ಲೇ ಬಿಡಿಸಿದೆ.

ಬ್ಲರ್‌ನಲ್ಲೂ ಬಗೆಗಳಿವೆ. ಸಾಮಾನ್ಯ ಬ್ಲರ್ ಮಂಜಿನ ಹಾಗೆ ಎಲ್ಲವನ್ನೂ ಸವರಿಬಿಡುತ್ತದೆ. ಲೆನ್ಸಿನ ಮಸುಕಿನಲ್ಲಿ ನೀರಿನ ಮೇಲಿನ ಬಿಸಿಲ ಹೊಳಪು ದುಂಡಗಿನ ಬೆಳಕಾಗಿ ಅರಳಬೇಕು. ಇನ್ನೊಂದು, ಬ್ಲರ್ ಮಾಡಿದಲ್ಲಿ ಹಳೆಯ ಫಿಲ್ಮಿನ ಗ್ರೇನ್, ಅಂದರೆ ಸಣ್ಣ ಕಾಳುಕಾಳು ಚುಕ್ಕಿಗಳು, ಅಳಿಸಿಹೋಗುತ್ತದೆ. ಮುಖದಲ್ಲಿ ಗ್ರೇನ್, ಹಿಂದೆ ನುಣುಪು ಅಂದರೆ ಕಣ್ಣು ಕೂಡಲೇ ಹಿಡಿಯುತ್ತದೆ. ಕೊನೆಗೆ ಬ್ಲರ್ ಆದ ಕಡೆಯೆಲ್ಲ ಅದೇ ಬಗೆಯ ಗ್ರೇನ್ ಮತ್ತೆ ಹಾಕಬೇಕು.

ಮೂಲದಲ್ಲಿ ದೋಣಿಗಳೂ ಸ್ಪಷ್ಟವಾಗಿದ್ದದ್ದು ನನ್ನ ಪುಣ್ಯ. ಲೆನ್ಸ್ ಹಿಡಿಯದೇ ಬಿಟ್ಟ ವಿವರವನ್ನು ಆಮೇಲೆ ನಿಜವಾಗಿ ತರಲಾಗದು.

ಸೆಕೆಂಡಿಗೆ 24ರಂತೆ 48 ಫ್ರೇಮ್, ಎರಡೇ ಸೆಕೆಂಡು. ಅಜ್ಜನ ಮುಖ ಕರಗಿ ದೋಣಿಗಳು ಮೂಡಿದಾಗ ಅಜ್ಜಿ ಮುಂದಕ್ಕೆ ಬಾಗಿ, "ಆ ಕಡೆಯದ್ದು ನಮ್ಮ ದೋಣಿ ಮಾರಾಯಾ" ಅಂದರು. ಅದೇ ಫೋಟೊ ಅಷ್ಟು ವರ್ಷದಿಂದ ಚಾವಡಿಯ ಗೋಡೆಯಲ್ಲೇ ಇತ್ತು.