ಕೈಚೀಲದ ಬಣ್ಣ ಬದಲಾದ ಕತೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಕಾಫಿಪುಡಿ, ಹಣ್ಣು, ಪಾರ್ಸೆಲ್ ಇಡ್ಲಿ ಕೊಂಡು ತಂದರೆ ಮನೆ ಸೇರುವಷ್ಟರಲ್ಲಿ ಬಗೆಬಗೆಯ 'ಪರಿಸರಸ್ನೇಹಿ' ಚೀಲ ಕೈಯಲ್ಲಿರುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಯಾವುದು, ಅಲ್ಲದ್ದು ಯಾವುದು ಎಂದು ಹೇಳುವುದು ಈಗ ಅಂಗಡಿಯವರಿಗೂ ಕಷ್ಟ.

ಮುತ್ತುಗದ ಎಲೆ, ಬಾಳೆ ಎಲೆ, ರದ್ದಿ ಪೇಪರು, ಹುರಿ ದಾರದ ಕಾಲ ಮುಗಿದು ತೆಳು ಕವರ್ ಬಂತು. ಅದು ಚರಂಡಿ ಕಟ್ಟಿ ದನದ ಹೊಟ್ಟೆ ಸೇರತೊಡಗಿದ ಮೇಲೆ ಕೇಂದ್ರ ಸರ್ಕಾರ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ ಹಿಡಿಯಿತು. ಕವರ್ ಕನಿಷ್ಠ ಇಷ್ಟು ದಪ್ಪ ಇರಬೇಕೆಂಬ ಮಿತಿ 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್‌ನಿಂದ 75, 2022ರ ಕೊನೆಗೆ 120. ದಪ್ಪಗಿದ್ದರೆ ಜನ ಎಸೆಯದೆ ಮತ್ತೆ ಬಳಸುತ್ತಾರೆ, ಚಿಂದಿ ಆಯುವವರಿಗೂ ನಾಲ್ಕು ಕಾಸು ಸಿಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಗೊಂದಲ ಬಲಿತಿದ್ದು 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನೇ ನಿಷೇಧಿಸಿದ ಮೇಲೆ. ಕವರ್ ಮಾಯವಾದ ಕಡೆಗಳಲ್ಲಿ ಬಣ್ಣಬಣ್ಣದ 'ಬಟ್ಟೆ ಚೀಲ' ಬಂತು. ಮುಟ್ಟಿದರೆ ಬಟ್ಟೆಯ ಹಾಗೇ ಇರುತ್ತದೆ. ಅಂಚಿಗೆ ಬೆಂಕಿಕಡ್ಡಿ ಗೀರಿ ಹಿಡಿದರೆ ನಿಜ ಗೊತ್ತಾಗುತ್ತದೆ: ಹತ್ತಿಯಾದರೆ ಬೂದಿಯಾಗುತ್ತದೆ, ಇದು ಮುದುರಿ ಕರಗಿ ಗಟ್ಟಿ ಮಣಿಯಾಗುತ್ತದೆ. ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನ್ ಅದು, ಅಪ್ಪಟ ಪ್ಲಾಸ್ಟಿಕ್. ನಾಲ್ಕು ಸಲ ಸಂತೆಗೆ ಹೋಗಿಬರುವಷ್ಟರಲ್ಲಿ ಎಳೆಎಳೆಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಲೋಟದ ಜಾಗಕ್ಕೆ ಬಂದ ಕಾಗದದ ಲೋಟದ್ದೂ ಇದೇ ಕತೆ. ಕಾಫಿ ಸೋರದಿರಲೆಂದು ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ.

ನಮ್ಮ ಮಲೆನಾಡಿಗೆ ತನ್ನದೇ ಉತ್ತರ ಇತ್ತು, ಅಡಿಕೆ ಹಾಳೆ. ಕೂಸನ್ನು ಮಲಗಿಸಿ ಎಣ್ಣೆ-ನೀರು ಹಾಕುತ್ತಿದ್ದ ಅದೇ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು, ರಾಸಾಯನಿಕ ಯಾವುದೂ ಬೇಡ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಹಾಳೆಯಲ್ಲಿರುವ ಆಲ್ಕಲಾಯ್ಡ್‌ಗಳು (ಗಿಡಮರಗಳಲ್ಲಿ ಸಹಜವಾಗಿರುವ, ಮೈಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ಊಟಕ್ಕೆ ಇಳಿಯಬಹುದೆಂದು ಹೇಳಿ ಅಲ್ಲಿನ ಅಂಗಡಿ, ಹೋಟೆಲ್‌ಗಳಿಗೆ ಇದನ್ನು ಬಳಸಬೇಡಿ ಎಂದಿತು. ಮಣ್ಣಿಗೆ ಒಳ್ಳೆಯದು ಎಂಬುದರ ಜೊತೆಗೆ ಉಣ್ಣುವವರಿಗೆ ಒಳ್ಳೆಯದೇ ಎಂಬ ಪ್ರಶ್ನೆಯೂ ಸೇರಿತು. ಇದನ್ನು ನಮ್ಮಲ್ಲೇ ಪರೀಕ್ಷಿಸಿ ಜನರಿಗೆ ತಿಳಿಸಬೇಕು ಎಂಬುದು ನನ್ನ ಆಸೆ.

ಉಳಿದದ್ದು ಇನ್ನೊಂದು ಬಗೆಯ ಚೀಲ, 'ಮಣ್ಣಲ್ಲಿ ಕರಗುವ' ಹಸಿರು ಕವರ್. ಮೈಕ್ರಾನ್ ಮಿತಿ ಇದಕ್ಕಿಲ್ಲ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಮಳೆ ಹಿಡಿಯುವ ಮುಂಚೆ ನಮ್ಮ ಹಿತ್ತಲಿನ ತಿಪ್ಪೆಯಲ್ಲಿ ಒಂದನ್ನು ಹೂತಿದ್ದೆ. ದೀಪಾವಳಿ ಹೊತ್ತಿಗೆ ಕೆದಕಿದರೆ ಜೊತೆಗೆ ಹಾಕಿದ್ದ ಬಾಳೆ ಎಲೆಯ ಗುರುತೇ ಇರಲಿಲ್ಲ. ಕವರ್ ಮೇಲಿನ ಅಕ್ಷರ ಮಾತ್ರ ಓದಲು ಬರುತ್ತಿತ್ತು. ಸುಳ್ಳು ಹೇಳಿ ಮಾರಿದ್ದಾರೆ ಎನ್ನಲಾಗದು. ಇಂಥ ಕವರ್ ಪರೀಕ್ಷೆಯಲ್ಲಿ ಪಾಸಾಗುವುದು ದೊಡ್ಡ ಗೊಬ್ಬರ ಘಟಕದ ಸುಮಾರು 60 ಡಿಗ್ರಿ ಬಿಸಿಯಲ್ಲಿ, ವಾರಗಟ್ಟಲೆ ಬೆಂದು. ಮಲೆನಾಡಿನ ಮಳೆಯಲ್ಲಿ ನೆನೆದು ತಣ್ಣಗೆ ಕೂತ ತಿಪ್ಪೆಗೆ ಆ ಕಾವು ಎಲ್ಲಿಂದ ಬರಬೇಕು? ಹಸಿ ಕಸಕ್ಕೆ ಹಾಕಿದರೆ ಗಾಡಿಯವರು ಪ್ಲಾಸ್ಟಿಕ್ ಎಂದು ಆರಿಸಿ ವಾಪಸ್ ಕೊಡುತ್ತಾರೆ. ಒಣ ಕಸಕ್ಕೆ ಹಾಕಿದರೆ ಮರುಬಳಕೆಗೆ ಹೋಗುವ ಪ್ಲಾಸ್ಟಿಕ್ಕಿನ ಜೊತೆ ಬೆರೆತು ಅದನ್ನೂ ಕೆಡಿಸುತ್ತದೆ. ಎರಡೂ ಬಕೆಟ್ಟಿಗೆ ಸಲ್ಲದ ಆ ಕವರ್ ತೊಳೆಸಿಕೊಂಡು ನಮ್ಮ ಹಿತ್ತಲ ತಂತಿಯ ಮೇಲೆ ಒಣಗುತ್ತಿದೆ.